ಅದಿರು ಯಾರಿಗೆ, ಎಷ್ಟಕ್ಕೆ

ಬಳ್ಳಾರಿಯ ಅದಿರಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾದ ತಾನಾಗಿ ಎದ್ದು ನಿಲ್ಲುತ್ತದೆ: ನಮ್ಮ ಗುಡ್ಡ ಅಗೆದು ಚೀನಾದವರಿಗೆ ಕೊಟ್ಟೆವು, ಅವರು ಅದರಿಂದ ಉಕ್ಕು ಮಾಡಿ ನಮಗೇ ಮಾರಿದರು. ಸಭೆಗಳಲ್ಲಿ ಇದಕ್ಕೆ ಚಪ್ಪಾಳೆ ಖಚಿತ, ಅರ್ಧ ನಿಜವೂ ಹೌದು. ಆದರೆ ಎರಡು ದಶಕಗಳ ಅದಿರು ನೀತಿಯನ್ನು ಒರೆಗೆ ಹಚ್ಚಲು ಈ ವಾದ ಸಾಲದು. ಕೊಂಡವನು ಯಾರು ಎಂದು ಕೇಳುವ ಭರದಲ್ಲಿ, ಗುಡ್ಡದ ಒಡೆಯರಾದ ಜನರಿಗೆ ಎಷ್ಟು ಬಂತು ಎಂಬ ಪ್ರಶ್ನೆ ಹಿಂದೆ ಬಿದ್ದಿದೆ.

ಮೊದಲು ಎದುರಾಳಿಯ ಗಾತ್ರ ನೋಡೋಣ. 1990ರಲ್ಲಿ ಚೀನಾ ಸುಮಾರು 6.6 ಕೋಟಿ ಟನ್ ಉಕ್ಕು ತಯಾರಿಸಿತ್ತು, ಭಾರತ ಸುಮಾರು 1.5 ಕೋಟಿ ಟನ್. 2024ರಲ್ಲಿ ಚೀನಾದ ಲೆಕ್ಕ 100 ಕೋಟಿ ಟನ್ ದಾಟಿತ್ತು, ನಮ್ಮದು 15 ಕೋಟಿಯ ಹತ್ತಿರ. ಉಕ್ಕಿನಲ್ಲಿ ಜಗತ್ತಿಗೇ ಎರಡನೆಯವರು ನಾವು ಎಂದು ಬೀಗುವವರು ಮೊದಲನೆಯವರ ಅಂಕಿಯನ್ನು ಪಕ್ಕದಲ್ಲಿ ಬರೆದು ತೋರಿಸುವುದಿಲ್ಲ. ಇಷ್ಟೊಂದು ಉಕ್ಕಿಗೆ ಚೀನಾದ ಸ್ವಂತ ಅದಿರು ಸಾಲುತ್ತಿರಲಿಲ್ಲ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಸರಾಸರಿ ಶೇ 30ರ ಆಸುಪಾಸು, ಬಳ್ಳಾರಿ ಜಿಲ್ಲೆಯ ಸಂಡೂರಿನದು ಶೇ 60ಕ್ಕೂ ಮೇಲು. ಹಾಗಾಗಿ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಚೀನಾ ಸಿಕ್ಕಸಿಕ್ಕಲ್ಲಿ ಅದಿರು ಕೊಳ್ಳಲು ನಿಂತಿತು. 2005ರಲ್ಲಿ ಅದು ತರಿಸಿಕೊಂಡ ಅದಿರಿನಲ್ಲಿ ಸುಮಾರು ಕಾಲುಭಾಗ ಭಾರತದ್ದು.

ರಫ್ತನ್ನು ಬೈಯುವವರು ಮರೆಯುವ ಸಂಗತಿಯೊಂದು ಇಲ್ಲಿದೆ. ನಮ್ಮ ಹಳೆಯ ಊದುಕುಲುಮೆಗಳು ಬೇಡುತ್ತಿದ್ದುದು ಗಟ್ಟಿ ಅದಿರನ್ನು, ಗಣಿಯವರ ಬಾಯಲ್ಲಿ ಲಂಪ್ಸ್. ಅದನ್ನು ಒಡೆದು ಜರಡಿ ಹಿಡಿಯುವಾಗ ಉಳಿಯುವ ಪುಡಿ, ಅಂದರೆ ಫೈನ್ಸ್, ಗಣಿಗಳ ಅಂಚಿನಲ್ಲಿ ವರ್ಷಗಟ್ಟಲೆ ರಾಶಿ ಬಿದ್ದಿತ್ತು. ಮಳೆ ಬಂದಾಗ ಹಳ್ಳಕ್ಕೆ, ಕೆರೆಗೆ, ಹೊಲಕ್ಕೆ ಇಳಿಯುತ್ತಿತ್ತು. ಪುಡಿಯನ್ನು ಸುಟ್ಟು ಗಟ್ಟಿ ಮಾಡುವ ಸಿಂಟರ್ ಘಟಕಗಳನ್ನು ಚೀನಾ ಸಾಲುಸಾಲಾಗಿ ಕಟ್ಟಿಕೊಂಡಿತು, ನಾವು ಆ ಹೊತ್ತಿಗೆ ಸಾಕಷ್ಟು ಕಟ್ಟಿಕೊಂಡಿರಲಿಲ್ಲ. ಇಲ್ಲಿ ಯಾರಿಗೂ ಬೇಡವಾಗಿದ್ದ ಪುಡಿಯನ್ನು ಬೇಕೆಂದವರಿಗೆ ಮಾರಿದ್ದನ್ನು ದೇಶದ್ರೋಹ ಎನ್ನಲು ನನಗೆ ಮನಸ್ಸಿಲ್ಲ.

ಮಾರಿದ ಬೆಲೆಯ ಕತೆ ಬೇರೆ. 2009ರ ಆಗಸ್ಟ್‌ವರೆಗೆ ಅದಿರಿನ ರಾಜಧನ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ಗೊತ್ತುಮಾಡಿದ ದರದಲ್ಲಿತ್ತು. ಅತ್ಯುತ್ತಮ ದರ್ಜೆಯ ಅದಿರಿಗೂ ಅದು 27 ರೂಪಾಯಿ ಮೀರಿರಲಿಲ್ಲ. 2008ರಲ್ಲಿ ಚೀನಾದ ಬಂದರಿನಲ್ಲಿ ಅದೇ ಟನ್ನಿನ ಬೆಲೆ 150 ಡಾಲರ್ ದಾಟಿತ್ತು, ಅಂದಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಸುತ್ತಮುತ್ತ. ಅಗೆತ, ಲಾರಿ ಬಾಡಿಗೆ, ಹಡಗಿನ ಖರ್ಚು, ಸುಂಕ ಎಲ್ಲ ಕಳೆದರೂ ನಡುವೆ ಉಳಿದ ಹಣ ಎಷ್ಟೆಂದು ಓದುಗರೇ ಊಹಿಸಬಹುದು. ಗಣಿ ಧಣಿಗಳ ಹೆಲಿಕಾಪ್ಟರು, ಅರಮನೆ, ಚುನಾವಣೆಯ ನೋಟಿನ ಕಂತೆಗಳೆಲ್ಲ ಆ ಸಂದಿನಿಂದಲೇ ಬಂದವು. ಇದರಲ್ಲಿ ಚೀನಾದ ಪಿತೂರಿ ಏನೂ ಇಲ್ಲ. ರಾಜಧನ ಗೊತ್ತುಮಾಡುವುದು ದೆಹಲಿ. ಗಣಿಗೆ ಜಾಗ ತೆರೆದುಕೊಟ್ಟದ್ದು ಬೆಂಗಳೂರು: 2003ರ ಮಾರ್ಚ್‌ನಲ್ಲಿ ಸರ್ಕಾರಿ ಗಣಿಗಾರಿಕೆಗೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೆ ಮುಕ್ತಗೊಳಿಸುವ ಅಧಿಸೂಚನೆ ಹೊರಬಿತ್ತು.

ಮುಂದಿನದು ಲೋಕಾಯುಕ್ತ ವರದಿಯಲ್ಲಿದೆ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ಆ ವರದಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಎಂದು ಲೆಕ್ಕ ಹಾಕಿತು. ಪರ್ಮಿಟ್ಟಿಗಿಂತ ಹೆಚ್ಚು ತೂಕ ಹೇರಿದ ಲಾರಿಗಳು ಬಳ್ಳಾರಿಯಿಂದ ಕರಾವಳಿಯವರೆಗೆ ಸಾಲುಗಟ್ಟಿ ಹೋದವು. ಅಂಕೋಲಾದ ಬೇಲೇಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಮುಟ್ಟುಗೋಲು ಹಾಕಿಕೊಂಡಿದ್ದ ಅದಿರೇ ಹಡಗು ಹತ್ತಿ ಹೋಯಿತು. ವರದಿಯ ಹೆಚ್ಚುಗಾರಿಕೆ ಇರುವುದು ಅದು ಹೆಸರಿಸಿದ ದೊಡ್ಡವರಲ್ಲಿ ಅಲ್ಲ. ತೂಕದ ಚೀಟಿ, ಪರ್ಮಿಟ್, ಬಂದರಿನ ದಾಖಲೆ, ಬ್ಯಾಂಕ್ ಖಾತೆಗಳನ್ನು ಒಂದಕ್ಕೊಂದು ತಾಳೆ ಹಾಕಿದ ಅದರ ತಾಳ್ಮೆಯಲ್ಲಿ. ಕಳ್ಳತನ ಕಾಗದದಲ್ಲೇ ಕಾಣುವಂತಿತ್ತು. ನೋಡಬೇಕಾದ ಇಲಾಖೆಗಳು ನೋಡಲಿಲ್ಲ, ಅಷ್ಟೆ.

ಆಮೇಲೆ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿತು. ಕೆಟ್ಟ ಗುತ್ತಿಗೆಗಳನ್ನು 2013ರಲ್ಲಿ ರದ್ದುಮಾಡಿತು, ವರ್ಷಕ್ಕೆ ಇಷ್ಟೇ ಟನ್ ಎಂದು ಮಿತಿ ಹಾಕಿತು, ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂದಿತು. ಈ ಇಡೀ ಕತೆಯಲ್ಲಿ ನಾನು ಮನಸಾರೆ ಮೆಚ್ಚುವ ಘಟ್ಟ ಇದೊಂದೇ. ಮಾರುಕಟ್ಟೆ ಎಷ್ಟು ಕೇಳುತ್ತದೆ ಎಂಬುದರ ಜೊತೆಗೆ ನೆಲ, ರಸ್ತೆ, ಕಾಡು ಎಷ್ಟು ತಡೆದಾವು ಎಂದೂ ಯಾರೋ ಕೇಳಿದಂತಾಯಿತು.

ಗಣಿಗಳ ಜೊತೆಗೆ ರಾಜ್ಯದ ಅದಿರಿನ ರಫ್ತೂ ನಿಂತಿತು. ಅದರಿಂದ ಚೀನಾ ನರಳಿತೇ? ಇಲ್ಲ. ಆಸ್ಟ್ರೇಲಿಯಾದ ಪಿಲ್ಬರಾ ಮತ್ತು ಬ್ರೆಜಿಲ್‌ನಿಂದ ತರಿಸಿಕೊಂಡಿತು. ಎದುರಾಳಿಯ ಕುಲುಮೆ ನಮ್ಮ ಕೈಯಲ್ಲಿದೆ ಎಂದು ನಂಬಿದ್ದವರ ಲೆಕ್ಕ ಅಲ್ಲಿಗೆ ಮುಗಿಯಿತು. ಲಾಭವಾದದ್ದು ನಮ್ಮ ಉಕ್ಕು ಕಾರ್ಖಾನೆಗಳಿಗೆ. ಹೊರಗಿನ ಗಿರಾಕಿ ಇಲ್ಲದ ಹರಾಜಿನಲ್ಲಿ ಬೆಲೆ ಏರುವುದಿಲ್ಲ. ರಫ್ತಿನ ಮೇಲೆ ಶೇ 30ರ ಸುಂಕ 2011ರ ಕೊನೆಯಲ್ಲಿ ಬಂತು. ಅದರ ಸಮರ್ಥನೆ ಮೌಲ್ಯವರ್ಧನೆ. ಪರಿಣಾಮದಲ್ಲಿ ಅದು ಗಣಿ ಜಿಲ್ಲೆಗಳಿಂದ ಉಕ್ಕು ಕಂಪನಿಗಳಿಗೆ ಹೋದ ಸಹಾಯಧನ. ರಾಜ್ಯದ ಅದಿರನ್ನು ರಫ್ತು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ 20ರಂದು ಹೇಳಿತು. ಮರುದಿನವೇ ಕೇಂದ್ರ ಸರ್ಕಾರ ಸುಂಕವನ್ನು ಶೇ 50ಕ್ಕೆ ಏರಿಸುವುದಾಗಿ ಪ್ರಕಟಿಸಿತು. ನವೆಂಬರಿನಲ್ಲಿ ಮತ್ತೆ ಇಳಿಸಿತು. ಹೀಗೆ ಆರು ತಿಂಗಳಿಗೊಮ್ಮೆ ಮಗುಚುವುದನ್ನು ನೀತಿ ಎಂದು ಕರೆಯುವುದು ಕಷ್ಟ.

ಮೌಲ್ಯವರ್ಧನೆಯ ಮಂತ್ರದಲ್ಲೂ ಒಂದು ಬಿರುಕಿದೆ. ಉಕ್ಕಿಗೆ ಅದಿರಷ್ಟೇ ಸಾಲದು, ಕೋಕಿಂಗ್ ಕಲ್ಲಿದ್ದಲು ಬೇಕು. ಚೀನಾಕ್ಕೆ ಅದು ಸ್ವಂತ ನೆಲದಲ್ಲೇ ಧಾರಾಳವಾಗಿದೆ. ನಾವು ಬಹುಪಾಲನ್ನು ಹೊರಗಿನಿಂದ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ ತರಿಸುತ್ತೇವೆ. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕುಲುಮೆಗೆ ಅದಿರು ಪಕ್ಕದ ಗುಡ್ಡದಿಂದ ಬಂದರೆ ಕಲ್ಲಿದ್ದಲು ಸಮುದ್ರ ದಾಟಿ ಬರುತ್ತದೆ. ಅದಿರು ಅಗ್ಗವಾಗಿ ಸಿಕ್ಕರೂ ಸ್ಪರ್ಧೆ ಗೆಲ್ಲುವುದು ಖಾತ್ರಿಯಲ್ಲ ಎಂಬುದಕ್ಕೆ 2023–24 ಸಾಕ್ಷಿ: ಆ ವರ್ಷ ಸಿದ್ಧ ಉಕ್ಕಿನಲ್ಲಿ ನಮ್ಮ ಆಮದು ರಫ್ತನ್ನು ಮೀರಿತು. 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಉಕ್ಕಿನ ಆಮದಿನ ಮೇಲೆ ಶೇ 12ರ ರಕ್ಷಣಾ ಸುಂಕ ಹಾಕಬೇಕಾಯಿತು. ಇತ್ತ ಶೇ 58ಕ್ಕಿಂತ ಕಡಿಮೆ ಕಬ್ಬಿಣದ ಅದಿರು ಸುಂಕವಿಲ್ಲದೆ ಹೋಗುತ್ತಲೇ ಇದೆ, ಬಹುಪಾಲು ಚೀನಾಕ್ಕೇ.

ಹಾಗಾದರೆ ಗುಡ್ಡದ ಬುಡದ ಜನರಿಗೆ ಬಂದದ್ದೇನು? ನ್ಯಾಯಾಲಯದ ಆದೇಶದಂತೆ ಗಣಿ ಬಾಧಿತ ತಾಲ್ಲೂಕುಗಳ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಕೂಡಿಬಿತ್ತು. ಖರ್ಚು ಮಾಡಲು ಗಣಿ ಪರಿಸರ ಪುನಶ್ಚೇತನ ನಿಗಮವೂ ಹುಟ್ಟಿತು. ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂತಿತು. ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು 2022ರಲ್ಲಿ ನೇಮಿಸಬೇಕಾಯಿತು. ಕದ್ದವರು ತೋರಿದ ಚುರುಕನ್ನು ಕಟ್ಟಬೇಕಾದವರು ತೋರಲಿಲ್ಲ.

ಈಗ ಸಂಡೂರಿನ ದೇವದಾರಿ ಗುಡ್ಡದ ಸರದಿ. ಇರಾನಿನ ಸಾಲ, ಇರಾನಿನದೇ ಬೇಡಿಕೆ ನಂಬಿ ಕುದುರೆಮುಖದಲ್ಲಿ ಗಣಿ ತೆರೆದ ಸರ್ಕಾರಿ ಕಂಪನಿ, ಅಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಮಂಗಳೂರಿನ ಪೆಲೆಟ್ ಘಟಕಕ್ಕೆ ಅದಿರಿಲ್ಲದೆ ಪರದಾಡುತ್ತಿದೆ. ಆ ಘಟಕದ ಪೆಲೆಟ್ಟುಗಳಿಗೂ ಚೀನಾ ದೊಡ್ಡ ಗಿರಾಕಿಯಾಗಿತ್ತು. ಘಟಕಕ್ಕೆ ಬೇಕಾದ ಅದಿರಿಗಾಗಿ ದೇವದಾರಿಯಲ್ಲಿ ಸುಮಾರು 400 ಹೆಕ್ಟೇರ್ ಕಾಡು ಕೇಳಲಾಗಿದೆ. ಕಾರ್ಮಿಕರ ಉದ್ಯೋಗದ ಪ್ರಶ್ನೆ ನಿಜವಾದದ್ದೇ. ಹಾಗಿದ್ದರೂ ಅಗೆದು ಮುಗಿಸಿದ ಹಳೆಯ ಗುತ್ತಿಗೆಗಳ ನೆಲ ಸರಿಪಡಿಸದೆ, ಕೂಡಿಟ್ಟ ಹಣವನ್ನು ಊರಿಗೆ ಮುಟ್ಟಿಸದೆ ಹೊಸ ಗುಡ್ಡಕ್ಕೆ ಕೈಹಾಕುವುದು ತಪ್ಪು. ಆ ಕಡತಕ್ಕೆ ಅರಣ್ಯ ಇಲಾಖೆ ಸಹಿ ಹಾಕಬಾರದು.