ದಿವಾಸ್ವಪ್ನವೂ ನನ್ನ ಎಕ್ಸೆಲ್ ಶೀಟೂ

ಮಗುವಿಗೆ ಮನೆಯಲ್ಲೇ ಕಲಿಸ್ತೀವಿ ಅಂದ ಕೂಡಲೇ ಗೆಳೆಯರು ಕೈಗಿಡುವ ಪುಸ್ತಕ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. ನನಗೂ ಹಾಗೇ ಸಿಕ್ಕಿತು. ಬೆಂಗಳೂರಿನ ಕೆಲಸವನ್ನ ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಘಟಪ್ರಭಾದ ಅವ್ವನ ಮನೆಗೆ ಬಂದಿದ್ದೆವು. ಐದು ವರ್ಷದ ಮಗಳಿಗೆ ಒಂದು ವರ್ಷದ ಯೋಜನೆ ಹಾಕುತ್ತಲೇ ಪುಸ್ತಕವನ್ನು ಎರಡು ಸಲ ಓದಿದೆ. ಪುಸ್ತಕ ಚಲೋ ಇದೆ. ನನ್ನ ತಕರಾರು ಇರುವುದು ನಾವು ಅದನ್ನು ಓದುವ ರೀತಿಯ ಬಗ್ಗೆ.

ಗಿಜುಭಾಯಿ (1885–1939) ವಕೀಲಿಕೆ ಬಿಟ್ಟು ಮಾಸ್ತರಾದವರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿ, ಮಾಂಟೆಸ್ಸೋರಿ ವಿಧಾನವನ್ನು ಗುಜರಾತಿ ಮಕ್ಕಳಿಗೆ ಒಗ್ಗಿಸಿದರು. ‘ದಿವಾಸ್ವಪ್ನ’ ಒಂದು ಕಲ್ಪಿತ ಕಥೆ. ಒಬ್ಬ ಮಾಸ್ತರ ಶಿಕ್ಷಣಾಧಿಕಾರಿಯ ಅನುಮತಿ ಪಡೆದು, ನಾಲ್ಕನೇ ಇಯತ್ತೆಯ ಮಕ್ಕಳ ಮೇಲೆ ಒಂದು ವರ್ಷ ತನ್ನ ಪ್ರಯೋಗ ನಡೆಸುತ್ತಾನೆ.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮೊದಲ ದಿನದ ಸೋಲು. ಮನೆಯಲ್ಲಿ ಕೂತು ಚೆಂದಾಗಿ ಯೋಜನೆ ಹಾಕಿಕೊಂಡು ಬಂದ ಮಾಸ್ತರ, ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗುತ್ತಾನೆ. ಮಕ್ಕಳು ಗದ್ದಲ ಎಬ್ಬಿಸುತ್ತಾರೆ. ಯೋಜನೆ ಮಣ್ಣುಗೂಡುತ್ತದೆ. ಮರುದಿನ ಕಥೆ ಹೇಳಲು ಶುರು ಮಾಡುತ್ತಾನೆ, ಆಗ ಮಕ್ಕಳು ಕಿವಿ ಕೊಡುತ್ತಾರೆ.

ನನ್ನ ಸೋಲೂ ಹೆಚ್ಚುಕಡಿಮೆ ಹೀಗೇ ಇತ್ತು. ಎಕ್ಸೆಲ್ ಶೀಟಿನಲ್ಲಿ 36 ವಾರಗಳನ್ನು ಹಾಕಿದ್ದೆ. ಅಕ್ಷರಕ್ಕೆ ಹಸಿರು, ಲೆಕ್ಕಕ್ಕೆ ಹಳದಿ, ಸಂಜೆ ನಾಲ್ಕೂವರೆಯಿಂದ ಐದೂವರೆ ‘ಆಟ’. ಅವ್ವನಿಗೆ ಓದಿ ಹೇಳಿದೆ. ಆಕೆ ಕೇಳಿದ್ದು ಒಂದೇ: “ತಮ್ಮಾ, ಆಟ ಅಂತ ಬರದೀ ಖರೆ, ಯಾರ ಜೋಡಿ ಅಂತ ಬರದಿಲ್ಲಲ್ಲ?”

ಈ ಪ್ರಶ್ನೆ ಇಟ್ಟುಕೊಂಡು ಪುಸ್ತಕಕ್ಕೆ ಮರಳಿದಾಗ ಬೇರೇನೋ ಕಂಡಿತು. ಅಲ್ಲಿ ಗೆಲ್ಲುವುದೆಲ್ಲ ಗುಂಪಿನಿಂದಲೇ ಗೆಲ್ಲುತ್ತದೆ. ಕಥೆಯನ್ನ ಹುಡುಗರು ಒಟ್ಟಿಗೆ ಕೇಳುತ್ತಾರೆ. ಪಠ್ಯಪುಸ್ತಕದ ದುಡ್ಡು ಒಟ್ಟುಗೂಡಿಸಿ ಮಾಡಿದ ಗ್ರಂಥಾಲಯ ಇಡೀ ತರಗತಿಗೆ ಸೇರಿದ್ದು. ನಾಟಕ, ಆಟ ಯಾವುದೂ ಒಬ್ಬಳೇ ಹುಡುಗಿಯಿಂದ ಆಗುವಂಥದ್ದಲ್ಲ. ನಾವು ಮಾತ್ರ ಪುಸ್ತಕದಿಂದ ‘ಹೊಡೆತ ಬೇಡ, ಬಾಯಿಪಾಠ ಬೇಡ’ ಅನ್ನೋದನ್ನಷ್ಟೇ ಎತ್ತಿಕೊಂಡು, ಶಾಲೆಯೇ ವೈರಿ ಅಂತ ತೀರ್ಮಾನಿಸಿಬಿಡುತ್ತೇವೆ. ಗಿಜುಭಾಯಿಯ ಮಾಸ್ತರ ಶಾಲೆಯಿಂದ ಓಡಿಹೋದವನಲ್ಲ, ಇದ್ದ ಶಾಲೆಯೊಳಕ್ಕೇ ಹೊಕ್ಕವನು. ವರ್ಷದ ಕೊನೆಗೆ ಪರೀಕ್ಷೆಯಲ್ಲಿ ಫಲ ತೋರಿಸುವ ಹೊಣೆಯನ್ನೂ ಹೊತ್ತವನು.

ಪುಸ್ತಕದ ಮೇಲೂ ಒಂದು ದೂರಿದೆ. ಅದರ ನಾಯಕನಿಗೆ ಈ ಪ್ರಯೋಗವೇ ಇಡೀ ದಿನದ ಕೆಲಸ. ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಇರುವ ಅಪ್ಪ, ಒಲೆ ಮುಂದೆ ಇರುವ ಅಜ್ಜಿ, ಇವರ ದಿನದಲ್ಲಿ ಕಲಿಕೆಗೆ ಎಷ್ಟು ಜಾಗ ಉಳಿಯುತ್ತೆ ಅನ್ನೋದಕ್ಕೆ ಅಲ್ಲಿ ಉತ್ತರವಿಲ್ಲ. ಅದು ಸ್ವಪ್ನ ಅಂತ ಲೇಖಕರೇ ಹೆಸರಿಟ್ಟಿದ್ದಾರೆ, ಮ್ಯಾನ್ಯುಯಲ್ ಅಂತ ಓದಿದ್ದು ನಾವು.

ಕೊನೆಗೆ ನನ್ನ ಶೀಟು ಒಂದು ಹಾಳೆಗೆ ಇಳಿಯಿತು. ಬೆಳಿಗ್ಗೆ ಒಂದು ಕಥೆ, ಇಪ್ಪತ್ತು ನಿಮಿಷ ಓದು-ಬರಹ. ಲೆಕ್ಕ ಅಡುಗೆಮನೆಯಲ್ಲಿ: ಎಷ್ಟು ರೊಟ್ಟಿ, ಎಷ್ಟು ಮಂದಿ. ವಾರಕ್ಕೊಮ್ಮೆ ಹೊರಗೆ. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ ಜಲಪಾತ, ಚಳಿಗಾಲದಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ ದೂರದಿಂದ ಬರುವ ಕೊಕ್ಕರೆಯಂಥ ದೊಡ್ಡ ಹಕ್ಕಿಗಳು, ಕಬ್ಬಿನ ಗಾಡಿಗಳು, ಗೋಕಾಕದ ಕಟ್ಟಿಗೆ ಬೊಂಬೆ ಮಾಡುವವರು. ಮೇಲ್ಗಡೆ ದಪ್ಪಕ್ಷರದಲ್ಲಿ: ಸಂಜೆ ಸಾಲಿ ಬಿಟ್ಟ ಮೇಲೆ ಓಣಿಯ ಹುಡುಗರ ಜೋಡಿ. ಆ ಹೊತ್ತಿಗೆ ಯಾವ ಮೀಟಿಂಗೂ ಇಟ್ಟುಕೊಳ್ಳುವುದಿಲ್ಲ.

ಇದೂ ಸಾಕಾಗುತ್ತದೆ ಅಂತ ಹೇಳಲಾರೆ. ಮಗಳಿಗೆ ಬರುವ ಜೂನ್‌ಗೆ ಆರು ತುಂಬುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ವಯಸ್ಸು ಶುರುವಾಗುವುದೇ ಅಲ್ಲಿಂದ. ಆಗ ಮನೆಯಲ್ಲೇ ಮುಂದುವರಿಸಬೇಕೋ, ಓಣಿಯ ಹುಡುಗರು ಹೋಗುವ ಸಾಲಿಗೇ ಕಳಿಸಿ ನಾನೂ ಆ ಸಾಲಿಗೆ ಏನಾದರೂ ಮಾಡಬೇಕೋ, ತೀರ್ಮಾನ ಆಗಿಲ್ಲ. ಗಿಜುಭಾಯಿಯನ್ನು ಮೂರನೇ ಸಲ ಓದಿದರೆ ಅವರು ಯಾವ ಕಡೆ ಕೈ ತೋರಿಸುತ್ತಾರೆ ಅನ್ನೋದು ಮಾತ್ರ ನನಗೆ ಈಗಲೇ ಗೊತ್ತು.