ರಂಗಕೃತಿಯಿಂದ ಯುದ್ಧಕಾಲದ ಚಿತ್ರಪಟಕ್ಕೆ: ಒಲಿವಿಯರ್‌ನ ‘ಐದನೆಯ ಹೆನ್ರಿ’

ಐತಿಹಾಸಿಕ ನಾಟಕವೊಂದು ತಾನು ನಿರೂಪಿಸುವ ಕಾಲ, ತಾನು ರಚಿತವಾದ ಕಾಲ ಹಾಗೂ ತಾನು ಪ್ರದರ್ಶಿತವಾಗುವ ಕಾಲ ಎಂಬ ಮೂರು ಕಾಲಗಳಿಗೂ ಏಕಕಾಲದಲ್ಲಿ ಉತ್ತರದಾಯಿಯಾಗಿರುತ್ತದೆ. ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದ ವಸ್ತು 1415ರ ಅಜಿನ್‌ಕೋರ್ಟ್ ಕದನ. ಅದರ ರಚನೆಯಾದದ್ದು 1599ರ ಸುಮಾರಿಗೆ. ಲಾರೆನ್ಸ್ ಒಲಿವಿಯರ್ ಅದನ್ನು ನಿರ್ದೇಶಿಸಿ, ತಾನೇ ನಾಯಕನಾಗಿ ಅಭಿನಯಿಸಿ ತೆರೆಗೆ ತಂದದ್ದು 1944ರ ನವೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದಾಗ. ಈ ರೂಪಾಂತರದಲ್ಲಿ ಮೂಲದಿಂದ ಏನನ್ನು ಬಿಡಲಾಯಿತು, ಏನನ್ನು ಕೂಡಿಸಲಾಯಿತು, ಅದರಿಂದ ನಾಯಕನ ವ್ಯಕ್ತಿತ್ವಕ್ಕೆ ಒದಗಿದ ಲಾಭನಷ್ಟಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಚಿತ್ರ ನಿರ್ಮಾಣದ ಸಂದರ್ಭವೇ ಅದರ ಆಶಯವನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಟೂ ಸಿಟೀಸ್ ಸಂಸ್ಥೆಯ ಫಿಲಿಪ್ಪೊ ದೆಲ್ ಜುದಿಚೆ ನಿರ್ಮಿಸಿದ ಈ ವರ್ಣಚಿತ್ರಕ್ಕಾಗಿ ಒಲಿವಿಯರ್‌ನನ್ನು ನೌಕಾದಳದ ವೈಮಾನಿಕ ಸೇವೆಯಿಂದ ಬಿಡುಗಡೆ ಮಾಡಲಾಗಿತ್ತು. ಯುದ್ಧನಿರತ ಬ್ರಿಟನ್ನಿನಲ್ಲಿ ಕದನದ ದೃಶ್ಯಗಳಿಗೆ ಬೇಕಾದ ಜನರಾಗಲಿ ಕುದುರೆಗಳಾಗಲಿ ತೆರವಾದ ಬಯಲಾಗಲಿ ದೊರೆಯುವಂತಿರಲಿಲ್ಲ. ಆದುದರಿಂದ 1943ರಲ್ಲಿ ತಟಸ್ಥ ರಾಷ್ಟ್ರವಾಗಿದ್ದ ಐರ್ಲೆಂಡಿನ ಪವರ್ಸ್‌ಕೋರ್ಟ್ ಎಸ್ಟೇಟಿನಲ್ಲಿ ಅಜಿನ್‌ಕೋರ್ಟ್ ಕದನವನ್ನು ಚಿತ್ರಿಸಲಾಯಿತು. ಇಂಗ್ಲೆಂಡಿನ ವಿಜಯಗಾಥೆಗೆ ಯುದ್ಧದಿಂದ ದೂರ ನಿಂತ ನೆರೆನಾಡಿನ ರೈತರೂ ಸ್ವಯಂಸೇವಕರೂ ಸೈನಿಕರಾಗಿ ವೇಷ ತೊಟ್ಟರು. ಬ್ರಿಟನ್ನಿನ ಕಮಾಂಡೊ ಪಡೆಗಳಿಗೂ ವಾಯುವಾಹಿತ ದಳಗಳಿಗೂ ಚಿತ್ರವನ್ನು ಅರ್ಪಿಸಲಾಗಿದೆ. ಕಡಲು ದಾಟಿ ಫ್ರಾನ್ಸಿನ ನೆಲದಲ್ಲಿ ಇಳಿಯುವ ಸೈನ್ಯದ ಕಥೆ, ನಾರ್ಮಂಡಿಯಲ್ಲಿ ಸೈನ್ಯಗಳು ಇಳಿದ ವರ್ಷವೇ ಪ್ರೇಕ್ಷಕರನ್ನು ತಲಪಿತು.

2

ಪಠ್ಯವನ್ನು ಪರಿಷ್ಕರಿಸುವಲ್ಲಿ ವಿಮರ್ಶಕ ಆಲನ್ ಡೆಂಟ್ ಒಲಿವಿಯರ್‌ನಿಗೆ ನೆರವಾದನು. ನಾಟಕದ ಅರ್ಧದಷ್ಟು ಭಾಗ ಚಿತ್ರದಲ್ಲಿ ಉಳಿದಿಲ್ಲ. ಕತ್ತರಿಸುವಿಕೆಯನ್ನೇ ಅಪಚಾರವೆಂದು ಎಣಿಸಬೇಕಾಗಿಲ್ಲ. 1600ರ ಕ್ವಾರ್ಟೊ ಮುದ್ರಣವೂ ಸಂಕ್ಷಿಪ್ತ ಪಾಠವೇ. ಅದರಲ್ಲಿ ಸೂತ್ರಧಾರನ ಮಾತುಗಳೇ ಇಲ್ಲ. ಅವು ಕಾಣಸಿಗುವುದು 1623ರ ಫೋಲಿಯೊದಲ್ಲಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಬಿಡಲಾಯಿತು ಎಂಬುದಲ್ಲ. ಬಿಟ್ಟುದೆಲ್ಲ ಯಾವ ದಿಕ್ಕಿಗೆ ಸಾಗುತ್ತದೆ ಎಂಬುದು.

ಆ ದಿಕ್ಕು ಸ್ಪಷ್ಟವಾಗಿದೆ. ಸೌಥಾಂಪ್ಟನ್ನಿನಲ್ಲಿ ರಾಜನ ಕೊಲೆಗೆ ಸಂಚು ಹೂಡಿದ ಮೂವರು ಸಾಮಂತರು ಚಿತ್ರದಲ್ಲಿಲ್ಲ. ಒಗ್ಗಟ್ಟಿನ ನಾಡಿನಲ್ಲಿ ದ್ರೋಹಕ್ಕೆ ಎಡೆಯಿಲ್ಲ. ಹಾರ್‌ಫ್ಲೂರ್ ನಗರ ಶರಣಾಗದಿದ್ದರೆ ಸ್ತ್ರೀಯರಿಗೂ ಹಸುಳೆಗಳಿಗೂ ಒದಗಲಿರುವ ಗತಿಯನ್ನು ಬಣ್ಣಿಸುವ ರಾಜನ ಬೆದರಿಕೆಯಿಲ್ಲ. ಚರ್ಚಿನಲ್ಲಿ ಕಳವು ಮಾಡಿದ ಹಳೆಯ ಗೆಳೆಯ ಬಾರ್ಡಾಲ್ಫನನ್ನು ಗಲ್ಲಿಗೇರಿಸಲು ರಾಜನು ಸಮ್ಮತಿಸುವ ಪ್ರಸಂಗವಿಲ್ಲ. ಸೆರೆಸಿಕ್ಕವರನ್ನು ಕೊಲ್ಲುವಂತೆ ಆತ ನೀಡುವ ಆಜ್ಞೆಯಿಲ್ಲ. ಹೆನ್ರಿಯ ಮಗನ ಆಳ್ವಿಕೆಯಲ್ಲಿ ಫ್ರಾನ್ಸ್ ಕೈತಪ್ಪಿಹೋಯಿತೆಂದು ನೆನಪಿಸುವ ಭರತವಾಕ್ಯದ ಸಾಲುಗಳೂ ಇಲ್ಲ.

ಇವುಗಳಲ್ಲಿ ಸೆರೆಯಾಳುಗಳ ಪ್ರಸಂಗ ವಿಶೇಷ ಗಮನಾರ್ಹ. ಮೂಲದಲ್ಲಿ ರಾಜನ ಆಜ್ಞೆ ಮೊದಲು ಬರುತ್ತದೆ; ಶಿಬಿರದ ಬಾಲಕರನ್ನು ಫ್ರೆಂಚರು ಕೊಂದ ಸುದ್ದಿ ಅನಂತರ ಬರುತ್ತದೆ. ಆ ಕೊಲೆಗೆ ಪ್ರತೀಕಾರವಾಗಿಯೇ ರಾಜನು ಆಜ್ಞೆಯಿತ್ತನೆಂದು ದಳಪತಿ ಗವರ್ ಸಮರ್ಥಿಸುತ್ತಾನಾದರೂ ದೃಶ್ಯಗಳ ಕ್ರಮ ಆ ಸಮರ್ಥನೆಯನ್ನು ಸಂದೇಹಕ್ಕೆ ಗುರಿಮಾಡುತ್ತದೆ. ಚಿತ್ರವು ಬಾಲಕರ ಹತ್ಯೆಯನ್ನು ಉಳಿಸಿಕೊಂಡು ಆಜ್ಞೆಯನ್ನು ಕೈಬಿಟ್ಟಿದೆ. ರಾಜನ ಕೋಪಕ್ಕೆ ಹೊರದಾರಿಯಾಗಿ ಫ್ರೆಂಚ್ ಸೇನಾನಿಯೊಂದಿಗೆ ದ್ವಂದ್ವಯುದ್ಧವೊಂದನ್ನು ಕಲ್ಪಿಸಿದೆ. ಹೀಗೆ ಒಂದು ನೈತಿಕ ಸಮಸ್ಯೆ ಶೌರ್ಯದ ಪ್ರದರ್ಶನವಾಗಿ ಮಾರ್ಪಡುತ್ತದೆ.

3

ಚಿತ್ರವನ್ನು ಕೇವಲ ಪ್ರಚಾರಸಾಧನವೆಂದು ತಳ್ಳಿಹಾಕುವುದು ಮಾತ್ರ ನ್ಯಾಯವಲ್ಲ. ಅದು ಆರಂಭವಾಗುವುದು 1600ರ ಗ್ಲೋಬ್ ರಂಗಶಾಲೆಯಲ್ಲಿ. ಪ್ರೇಕ್ಷಕರ ಗದ್ದಲ ಕೇಳಿಸುತ್ತದೆ. ನೇಪಥ್ಯದಲ್ಲಿ ನಟರು ಸಿದ್ಧರಾಗುತ್ತಾರೆ. ಸೂತ್ರಧಾರನು ಸಭಿಕರ ಕಲ್ಪನೆಯ ನೆರವು ಬೇಡುತ್ತಾನೆ. ಅಲ್ಲಿಂದ ಕಥೆ ಮಧ್ಯಯುಗದ ಹಸ್ತಪ್ರತಿಗಳ ವರ್ಣಚಿತ್ರಗಳನ್ನು ಹೋಲುವ ಕೃತಕ ದೃಶ್ಯಾವಳಿಗೂ, ಕದನದ ವೇಳೆಗೆ ನಿಜವಾದ ಬಯಲಿಗೂ ಸಾಗಿ, ಕೊನೆಗೆ ಅದೇ ಕ್ರಮದಲ್ಲಿ ಹಿಂದಿರುಗಿ ಗ್ಲೋಬಿನಲ್ಲಿ ಮುಗಿಯುತ್ತದೆ. ಕಂಡದ್ದು ಕಲ್ಪಿತವೆಂಬ ಅರಿವನ್ನು ಈ ಚೌಕಟ್ಟು ಪ್ರೇಕ್ಷಕನಲ್ಲಿ ಉಳಿಸುತ್ತದೆ. ಪ್ರಚಾರಕೃತಿ ಸಾಮಾನ್ಯವಾಗಿ ಅಳಿಸಬಯಸುವುದು ಈ ಅರಿವನ್ನೇ.

ಕದನದ ಹಿಂದಿನ ಇರುಳಿನ ದೃಶ್ಯವೂ ಹೀಗೆಯೇ ಗಮನ ಸೆಳೆಯುತ್ತದೆ. ಯುದ್ಧ ನ್ಯಾಯವಾದುದಲ್ಲದಿದ್ದರೆ ಕಡಿದುಬಿದ್ದ ಕೈಕಾಲುಗಳೆಲ್ಲ ಒಂದುಗೂಡಿ ರಾಜನನ್ನು ಪ್ರಶ್ನಿಸುವವೆಂಬ ಮಾತು ಮೂಲದಲ್ಲಿ ಒರಟು ಸ್ವಭಾವದ ವಿಲಿಯಮ್ಸ್‌ನದು. ಚಿತ್ರವು ಅದನ್ನು ಎಳೆಯ ಸೈನಿಕ ಕೋರ್ಟ್‌ನ ಬಾಯಲ್ಲಿ ಮೆಲುದನಿಯಲ್ಲಿ ಆಡಿಸುತ್ತದೆ. ಪ್ರಶ್ನೆಯ ಹರಿತ ಕಡಿಮೆಯಾಗುತ್ತದೆ, ಆದರೆ ಪ್ರಶ್ನೆ ಅಳಿಯುವುದಿಲ್ಲ. ಆ ಹುಡುಗ ನಿದ್ರಿಸುತ್ತಿರುವಾಗ ರಾಜನ ಸ್ವಗತ ತುಟಿಯಲುಗದೆ ಕೇಳಿಬರುತ್ತದೆ. ರಂಗಭೂಮಿಗೆ ಸಾಧ್ಯವಾಗದ ಅಂತರಂಗದ ಸಾಮೀಪ್ಯ ಸಿನಿಮಾಕ್ಕೆ ಇಲ್ಲಿ ದಕ್ಕಿದೆ. ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗದಿಂದ ಎರವಲು ಪಡೆದು, ಸಾಯುತ್ತಿರುವ ಫಾಲ್‌ಸ್ಟಾಫ್‌ನ ಕಿವಿಯಲ್ಲಿ ರಾಜನ ತಿರಸ್ಕಾರದ ನುಡಿ ಮೊಳಗುವಂತೆ ಮಾಡಿರುವುದೂ ಉಲ್ಲೇಖಾರ್ಹ. ಕಳಂಕಗಳನ್ನು ಒರೆಸುತ್ತಲೇ ಸಾಗುವ ಚಿತ್ರ ಒಂದನ್ನು ತಾನಾಗಿಯೇ ತಂದಿಟ್ಟುಕೊಂಡಿದೆ. ಹಾಳುಬಿದ್ದ ಫ್ರಾನ್ಸಿನ ತೋಟ ಹೊಲಗಳಿಗಾಗಿ ಬರ್ಗಂಡಿಯ ಡ್ಯೂಕ್ ಮರುಗುವ ಮಾತುಗಳೂ ಇಲ್ಲಿ ಉಳಿದಿವೆ. 1944ರ ಯುರೋಪಿನಲ್ಲಿ ಅವು ಗತಕಾಲದ ಮಾತುಗಳಾಗಿರಲಿಲ್ಲ.

4

ಪೂರ್ವಕಥೆಯನ್ನು ಮಾರ್ಪಡಿಸುವ ಕವಿಸ್ವಾತಂತ್ರ್ಯ ಭಾರತೀಯ ಕಾವ್ಯಮೀಮಾಂಸೆಗೆ ಅಪರಿಚಿತವಲ್ಲ. ಇತಿಹಾಸದಲ್ಲಿ ರಸಕ್ಕೆ ಪ್ರತಿಕೂಲವಾದುದು ಕಂಡರೆ ಕವಿ ಅದನ್ನು ಬಿಟ್ಟು ಬೇರೊಂದನ್ನು ಕಲ್ಪಿಸಬಹುದೆಂದು ಆನಂದವರ್ಧನ ಹೇಳುತ್ತಾನೆ. ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ಇದನ್ನು ಪ್ರಕರಣವಕ್ರತೆಯೆಂದು ವಿವೇಚಿಸಿ, ಶಾಕುಂತಲದಲ್ಲಿನ ದುರ್ವಾಸನ ಶಾಪವನ್ನು ನಿದರ್ಶನವಾಗಿ ಎತ್ತಿಕೊಳ್ಳುತ್ತಾನೆ. ಮಹಾಭಾರತದ ದುಷ್ಯಂತ ತಿಳಿದೂ ನಿರಾಕರಿಸುತ್ತಾನೆ. ಕಾಳಿದಾಸನ ದುಷ್ಯಂತ ಶಾಪದಿಂದ ಮರೆಯುತ್ತಾನೆ.

ಎರಡು ಕಡೆಯೂ ಉದ್ದೇಶ ನಾಯಕನ ದೋಷಪರಿಹಾರವೇ. ಆದರೆ ಕ್ರಮಗಳಲ್ಲಿ ವ್ಯತ್ಯಾಸವಿದೆ. ಕಾಳಿದಾಸ ದೋಷದ ಕಾರಣವನ್ನು ಬದಲಿಸುತ್ತಾನೆಯೇ ಹೊರತು ಅದರ ಪರಿಣಾಮವನ್ನಲ್ಲ: ಶಕುಂತಲೆ ತುಂಬಿದ ಸಭೆಯಲ್ಲಿ ನಿರಾಕೃತಳಾಗುತ್ತಾಳೆ, ರಾಜ ಪಶ್ಚಾತ್ತಾಪದಲ್ಲಿ ಬೇಯುತ್ತಾನೆ. ಒಲಿವಿಯರ್ ಕಾರಣವನ್ನೂ ಪರಿಣಾಮವನ್ನೂ ಒಟ್ಟಿಗೆ ತೆಗೆದುಹಾಕುತ್ತಾನೆ. ಬಾರ್ಡಾಲ್ಫನ ಸಾವಿಲ್ಲದೆ ರಾಜತ್ವ ಕೇಳುವ ಬೆಲೆ ಕಾಣುವುದಿಲ್ಲ. ಹಾರ್‌ಫ್ಲೂರಿನ ಬೆದರಿಕೆಯಿಲ್ಲದೆ ಅಲ್ಲಿ ತೋರುವ ಕರುಣೆಗೆ ತೂಕ ಬರುವುದಿಲ್ಲ. ಪ್ರೇಕ್ಷಕನಿಗೆ ದೊರೆಯುವುದು ಧೀರೋದಾತ್ತನಾದ ಸೇನಾನಾಯಕ. ಕಳೆದುಹೋಗುವುದು ಗೆಲುವಿನ ನಡುವೆಯೂ ಲೆಕ್ಕ ಒಪ್ಪಿಸಬೇಕಾದ ಮನುಷ್ಯ.

5

1989ರಲ್ಲಿ ಕೆನೆತ್ ಬ್ರಾನಾ ಇದೇ ನಾಟಕವನ್ನು ಕೆಸರು ನೆತ್ತರುಗಳ ನಡುವೆ ಮತ್ತೆ ಚಿತ್ರಿಸಿದಾಗ ದ್ರೋಹಿಗಳೂ ಹಾರ್‌ಫ್ಲೂರಿನ ಬೆದರಿಕೆಯೂ ಬಾರ್ಡಾಲ್ಫನ ಗಲ್ಲೂ ಹಿಂದಿರುಗಿದವು. ಸೆರೆಯಾಳುಗಳನ್ನು ಕೊಲ್ಲುವ ಆಜ್ಞೆ ಮಾತ್ರ ಅಲ್ಲಿಯೂ ಇಲ್ಲ. ಯುದ್ಧವನ್ನು ಮೆಚ್ಚದ ಚಿತ್ರವೂ ತನ್ನ ನಾಯಕನನ್ನು ಪ್ರೇಕ್ಷಕರು ಕೈಬಿಡದಂತೆ ಕಾಯಬೇಕಾಯಿತು. ಹೀಗೆ ನೋಡಿದಾಗ ಒಲಿವಿಯರ್ ಎದುರಿಸಿದ್ದು ತನ್ನ ಕಾಲದ ಒತ್ತಡವನ್ನಷ್ಟೇ ಅಲ್ಲವೆಂದು ವಿದಿತವಾಗುತ್ತದೆ. ಜನ ಒಪ್ಪಿಕೊಂಡ ವೀರನ ಚರಿತ್ರೆಯಲ್ಲಿ ಯಾವುದನ್ನು ಕೇಳಿಸಿಕೊಳ್ಳಲು ಅವರು ಸಿದ್ಧರಿಲ್ಲವೋ ಅದನ್ನು ಪ್ರತಿಯೊಂದು ರೂಪಾಂತರವೂ ತನ್ನ ಮೌನದ ಮೂಲಕ ದಾಖಲಿಸುತ್ತದೆ. ಆದುದರಿಂದ 1944ರ ಈ ಚಿತ್ರವನ್ನು ನಾಟಕದ ಬದಲಿಗೆ ನೋಡುವುದಕ್ಕಿಂತ ನಾಟಕವನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಹೆಚ್ಚು ಫಲಪ್ರದ. ಉಳಿದ ಮಾತುಗಳು ಯುದ್ಧಕಾಲದ ಬ್ರಿಟನ್ನಿನ ಆತ್ಮವಿಶ್ವಾಸವನ್ನು ಹೇಳಿದರೆ, ಬಿಟ್ಟ ಮಾತುಗಳು ಆ ವಿಶ್ವಾಸ ತಾಳಲಾರದಿದ್ದ ಸಂದೇಹಗಳನ್ನು ಹೇಳುತ್ತವೆ.