ಆತ್ಮರತಿ, ಆತ್ಮದ್ವೇಷ ಮತ್ತು ‘ಭಾರತೀಪುರ’

ತನ್ನನ್ನು ತಾನು ಅತಿಯಾಗಿ ಮೆಚ್ಚಿಕೊಳ್ಳುವವನೂ ತನ್ನನ್ನು ತಾನು ಅತಿಯಾಗಿ ಹಳಿದುಕೊಳ್ಳುವವನೂ ಪರಸ್ಪರ ವಿರುದ್ಧ ಸ್ವಭಾವದವರೆಂದು ಲೋಕವು ಭಾವಿಸುತ್ತದೆ. ವಿಚಾರಿಸಿ ನೋಡಿದರೆ ಇಬ್ಬರ ದೃಷ್ಟಿಯೂ ಒಂದೇ ಕಡೆಗೆ ನೆಟ್ಟಿರುತ್ತದೆ. ಯವನ ಪುರಾಣದ ನಾರ್ಸಿಸಸ್ಸನು ಕೊಳದಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಮೋಹಗೊಂಡನು. ಅಂಥದೇ ಕೊಳದಲ್ಲಿ ತನ್ನ ಬಿಂಬವನ್ನು ಕಂಡು ಮತ್ತೊಬ್ಬನು ಹೇಸಿಕೊಂಡಾನು. ದಡದಲ್ಲಿ ಬಾಯಾರಿ ನಿಂತವನು ಇಬ್ಬರಿಗೂ ಕಾಣುವುದಿಲ್ಲ. ಕನ್ನಡದಲ್ಲಿ ಈ ತತ್ತ್ವವನ್ನು ಮನಮುಟ್ಟುವಂತೆ ತೋರಿಸಿದ ಕೃತಿಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973) ಒಂದು. ಅದರ ಮೇಲೆ ಎರಡು ದಿಕ್ಕುಗಳಿಂದ ಬಂದಿರುವ ಆಕ್ಷೇಪಗಳನ್ನು ಇಲ್ಲಿ ಯಥಾಮತಿ ಪರಿಶೀಲಿಸಲಾಗಿದೆ.

ಗ್ರಂಥಕರ್ತರು ನಮಗೆ ದೂರದವರಲ್ಲ. ಆಗುಂಬೆಯ ಘಟ್ಟವನ್ನೇರಿದರೆ ಸಿಗುವ ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿ, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಮೊದಲ ಪಾಠ ಕಲಿತವರು. 1965ರಲ್ಲಿ ಅವರ ‘ಸಂಸ್ಕಾರ’ವು ಪ್ರಕಟವಾದಾಗ ಮಾಧ್ವ ಸಮಾಜದಲ್ಲಿ ಅನೇಕರು ನೊಂದುಕೊಂಡರು. ಅದರ ಚಲನಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ತಡೆದಿತು; ಆಮೇಲೆ ಅದೇ ಚಿತ್ರಕ್ಕೆ 1970ರ ರಾಷ್ಟ್ರಪತಿಗಳ ಸ್ವರ್ಣಕಮಲವು ದೊರೆಯಿತು. ಸ್ವಕುಲವನ್ನು ದ್ವೇಷಿಸುವವರೆಂಬ ಮಾತು ಅಂದಿನಿಂದಲೂ ಅವರಿಗೆ ಅಂಟಿಕೊಂಡಿತು. 2014ರಲ್ಲಿ ಅವರು ತೀರಿಕೊಂಡ ಮೇಲೂ ಅದು ಅಡಗಿಲ್ಲ.

‘ಭಾರತೀಪುರ’ದ ನಾಯಕ ಜಗನ್ನಾಥನು ಇಂಗ್ಲೆಂಡಿನಲ್ಲಿ ಓದಿ ಬಂದ ಜಮೀನುದಾರ. ಊರಿನ ಮಂಜುನಾಥ ದೇವಾಲಯಕ್ಕೆ ದಲಿತರನ್ನು ಪ್ರವೇಶಮಾಡಿಸಬೇಕೆಂದು ಸಂಕಲ್ಪಿಸುತ್ತಾನೆ. ಆದರೆ ಈ ಸಂಕಲ್ಪದ ಜೊತೆಜೊತೆಗೇ ಅವನು ತನ್ನನ್ನು ತಾನು ನೋಡಿಕೊಳ್ಳುತ್ತಿರುತ್ತಾನೆ; ಇಂಗ್ಲೆಂಡಿನ ಮಾರ್ಗರೆಟ್ಟಳಿಗೆ ಕಾಗದ ಬರೆಯುವಾಗಲೂ ತನ್ನ ಅಂತರಂಗವನ್ನೇ ತೂಗಿ ನೋಡುತ್ತಾನೆ. ಕೃತಿಯ ಹೃದಯಸ್ಥಾನವೆನ್ನಬಹುದಾದುದು ಸಾಲಿಗ್ರಾಮದ ಪ್ರಸಂಗ. ಮನೆಯ ದೇವರ ಪೀಠದಿಂದ ಸಾಲಿಗ್ರಾಮವನ್ನೆತ್ತಿ ಅಂಗಳಕ್ಕೆ ತಂದು, ಅಲ್ಲಿ ನಿಂತ ದಲಿತರಿಗೆ ಮುಟ್ಟಿರೆಂದು ಹೇಳುತ್ತಾನೆ. ಅವರು ಬೆದರಿ ಹಿಂಜರಿಯುತ್ತಾರೆ. ಅನುನಯವು ಆಜ್ಞೆಯಾಗುತ್ತದೆ, ಆಜ್ಞೆಯು ಕ್ರೋಧವಾಗುತ್ತದೆ. ಅವರು ಭಯದಿಂದಲೇ ಮುಟ್ಟಿ ಕತ್ತಲಲ್ಲಿ ಮರೆಯಾಗುತ್ತಾರೆ; ಇವನು ಸಾಲಿಗ್ರಾಮವನ್ನು ಎಸೆದುಬಿಡುತ್ತಾನೆ. ಮಡಿಮೈಲಿಗೆಯನ್ನು ಬಿಡದ ಚಿಕ್ಕಿಯಾದರೂ ಅವರೊಡನೆ ಮನುಷ್ಯಳಾಗಿ ನಡೆದುಕೊಳ್ಳಬಲ್ಲಳು, ತಾನು ಆ ಕ್ಷಣದಲ್ಲಿ ಮನುಷ್ಯತ್ವವನ್ನೇ ಕಳೆದುಕೊಂಡೆನೆಂಬ ಅರಿವು ಅವನಿಗೆ ಹುಟ್ಟುತ್ತದೆ. ತನ್ನ ಕುಲದ ಮೇಲಿನ ಜುಗುಪ್ಸೆಯನ್ನು ತೀರಿಸಿಕೊಳ್ಳಲು ಅವನಿಗೆ ಬೇಕಾದುದು ಬೇರೆಯವರ ಬೆರಳು. ಆ ಬೆರಳಿಗೊಂದು ಮನಸ್ಸುಂಟೆಂಬುದನ್ನು ಅವನು ಮರೆತಿದ್ದನು.

ಇದನ್ನೋದಿದ ಮೇಲೂ ‘ಕುಲದ್ವೇಷಿಯ ಕೃತಿ’ ಎನ್ನುವವರು ಕಥಾನಾಯಕನನ್ನೂ ಕವಿಯನ್ನೂ ಬೇರ್ಪಡಿಸಿ ನೋಡಲಾರದವರು. ದ್ವೇಷವು ಹೇಗೆ ಅಹಂಕಾರದ ಮತ್ತೊಂದು ಮುಖವಾಗುತ್ತದೆಂಬುದನ್ನು ಬಯಲಿಗೆಳೆದ ಕೃತಿಯೇ ದ್ವೇಷದ ಕೃತಿಯಾಗುವುದೆಂತು? ಈ ಆಕ್ಷೇಪದಲ್ಲಿ ಹುರುಳಿಲ್ಲ.

ಎರಡನೆಯ ಆಕ್ಷೇಪವನ್ನು ಹೀಗೆ ತಳ್ಳಿಹಾಕಲಾಗದು. ಕೃತಿಯು ಪ್ರಕಟವಾದ 1973ರಲ್ಲಿಯೇ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದರು. ನಾಡೆಲ್ಲ ಉರಿದೆದ್ದಿತು, ಅವರ ಮಂತ್ರಿಪದವಿಯೂ ಹೋಯಿತು. ಕುವೆಂಪು ಅವರ ಮಾತನ್ನು ಸಮರ್ಥಿಸಿದರು. ಮಾತು ಒರಟಾಗಿತ್ತು, ನಿಜ. ಆದರೆ ಅದರೊಳಗಿನ ಪ್ರಶ್ನೆಯು ಉತ್ತರವನ್ನು ಬೇಡುವಂಥದು: ಈ ಸಾಹಿತ್ಯದಲ್ಲಿ ನಮ್ಮವರು ಎಲ್ಲಿ? ‘ಭಾರತೀಪುರ’ಕ್ಕೂ ಈ ಪ್ರಶ್ನೆ ತಗಲುತ್ತದೆ. ಸಾಲಿಗ್ರಾಮವನ್ನು ಮುಟ್ಟಿ ಹೋದವರು ಆ ರಾತ್ರಿ ಗುಡಿಸಲಿನಲ್ಲಿ ಏನು ಮಾತಾಡಿಕೊಂಡರು? ಜಗನ್ನಾಥನ ಪಶ್ಚಾತ್ತಾಪವನ್ನು ಸವಿವರವಾಗಿ ಹೇಳುವ ಲೇಖನಿಯು ಅವರ ಹಿಂದೆ ಅಷ್ಟು ದೂರ ಹೋಗುವುದಿಲ್ಲ. ರೋಗವನ್ನು ಗುರುತಿಸಿದ ವೈದ್ಯನಿಗೂ ಅದರ ಸೋಂಕು ಸ್ವಲ್ಪ ತಗುಲಿದೆ. ವಿಮರ್ಶಕ ಡಿ. ಆರ್. ನಾಗರಾಜರು 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸವರ್ಣೀಯರ ಆತ್ಮಶುದ್ಧಿಯನ್ನೂ ದಲಿತರ ಆತ್ಮಗೌರವವನ್ನೂ ಬೇರೆಬೇರೆಯಾಗಿ ಗುರುತಿಸಿದರು. ಜಗನ್ನಾಥನು ಹುಡುಕಿದುದು ಮೊದಲನೆಯದನ್ನು ಮಾತ್ರ.

ನಮ್ಮ ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ (1933)ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಮನಸ್ಸು ಕರಗಿದ ಒಡೆಯನಿದ್ದಾನೆ, ಅಡ್ಡ ಬರುವ ತಾಯಿಯಿದ್ದಾಳೆ. ಆದರೆ ಕಥೆಯು ಒಡೆಯನ ಅಂತಃಕಲಹದಲ್ಲಿ ನಿಲ್ಲದೆ ಚೋಮನ ಕಡೆಗೆ ನಡೆಯುತ್ತದೆ. ಅವನಿಗೆ ಬೇಸಾಯದ ಆಸೆಯುಂಟು, ಸಿಟ್ಟುಂಟು, ದುಡಿಯುಂಟು. ಸೂಕ್ಷ್ಮ ವಿಶ್ಲೇಷಣೆಯಲ್ಲಿ ‘ಭಾರತೀಪುರ’ವು ಮುಂದು, ಅನ್ಯನನ್ನು ಕಾಣುವುದರಲ್ಲಿ ‘ಚೋಮನ ದುಡಿ’ಯೇ ಮುಂದು.

ಇಂದು ರಾಜಕೀಯ ಸಂವೇದನೆಯೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಒಬ್ಬರು ತಮ್ಮ ಭಾವನೆಗೆ ನೋವಾಯಿತೆಂಬುದನ್ನೇ ಸಂವೇದನೆಯೆನ್ನುತ್ತಾರೆ. ಮತ್ತೊಬ್ಬರು ತಮ್ಮ ಪಾಪಪ್ರಜ್ಞೆಯನ್ನು ಸಭೆಯಲ್ಲಿ ಸಾರುವುದನ್ನು ಹಾಗೆ ಕರೆಯುತ್ತಾರೆ. ನಮ್ಮ ಅಲಂಕಾರಶಾಸ್ತ್ರವು ಸಹೃದಯನೆಂದು ಕರೆದದ್ದು ಇವರಿಬ್ಬರನ್ನೂ ಅಲ್ಲ. ರಸಾಸ್ವಾದಕ್ಕೆ ‘ನಾನು, ನನ್ನದು’ ಎಂಬುದು ವಿಘ್ನವೆಂದು ಅಭಿನವಗುಪ್ತನೇ ಎಣಿಸಿದ್ದಾನೆ. ಕಾವ್ಯಕ್ಕೆ ವಿಘ್ನವಾದುದು ಸಮಾಜಧರ್ಮಕ್ಕೂ ವಿಘ್ನವೇ ಸರಿ.

ಇದಕ್ಕೆ ನಮ್ಮ ಕರಾವಳಿಯಲ್ಲಿಯೇ ನಿದರ್ಶನವುಂಟು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರು (1859–1928) ಸ್ವಜನರ ಬಹಿಷ್ಕಾರವನ್ನು ಸಹಿಸಿದವರು. ದಲಿತರ ಮಗುವೊಂದು ಓದಿ ಅಧಿಕಾರಿಯಾಗಿ ಊರ ದಾರಿಯಲ್ಲಿ ವಾಹನದಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಲೆಂಬುದು ಅವರ ಆಸೆಯಾಗಿತ್ತು. ಆ ಚಿತ್ರದಲ್ಲಿ ಮುಂದೆ ಸಾಗುವವನು ಅನ್ಯನು. ತಾನು ದಾರಿಯ ಬದಿಯಲ್ಲಿರುವವನು. ಜಗನ್ನಾಥನಿಗೆ ಕೊನೆಯವರೆಗೂ ಸಿಗದೆ ಹೋದುದು ಈ ಬದಿಯ ಸ್ಥಾನ. ಅದು ಸಿಗದ ಸಂಕಟವನ್ನು ಮುಚ್ಚಿಡದೆ ಬರೆದುದಕ್ಕಾಗಿಯೇ ‘ಭಾರತೀಪುರ’ವು ನಮ್ಮ ಮನೆಗಳಲ್ಲಿ ಮತ್ತೆ ಓದತಕ್ಕ ಗ್ರಂಥ.